ನಡುಹೊಳೆಯಲ್ಲಿ ಬಿಟ್ಟ ಹಾಡು

ಮೊಮ್ಮಗಳು ಬಂದು ಉಳಿದ ದಿನಗಳಲ್ಲಿ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಹಾಡಿಗೆ ಕೊರತೆಯಿಲ್ಲ, ಆದರೆ ಒಂದು ಹಾಡೂ ಮುಗಿಯುವುದಿಲ್ಲ. ಮಿಜಾರಿನ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮೊಬೈಲಿನಲ್ಲಿ ಒಂದು ಹಾಡು ಹಾಕುತ್ತಾಳೆ. ಪಲ್ಲವಿ ಮುಗಿದು ಚರಣ ಬರಬೇಕು ಅನ್ನುವಾಗ ಬೆರಳಿನಿಂದ ಅದನ್ನು ತಳ್ಳಿ ಇನ್ನೊಂದು ಹಾಕುತ್ತಾಳೆ, ಅದನ್ನೂ ತಳ್ಳುತ್ತಾಳೆ. ನಾನು ಅಲಸಂಡೆ ಮುರಿಯುತ್ತಾ ಕೂತವಳು ಕೈ ನಿಲ್ಲಿಸಿ ಅವಳ ಬೆರಳನ್ನೇ ನೋಡುತ್ತಿರುತ್ತೇನೆ. ಮೊನ್ನೆ ಅವಳಿಗೆ ಅದು ಕಂಡಿತು.

"ಎಂತ ಅಜ್ಜಿ, ಕೋಪ ಬಂತಾ?"

"ಕೋಪ ಅಲ್ಲ ಮಗಾ, ಹೆದರಿಕೆ."

"ಹಾಡಿಗೆ ಯಾರಾದರೂ ಹೆದರ್ತಾರಾ?"

ಅವಳು ನಕ್ಕಳು. ಮರುವಾರ ಅವಳಿಗೆ ಕಾಲೇಜಿನಲ್ಲಿ ಮಾತಾಡಲಿಕ್ಕಿತ್ತಂತೆ. ಈ ಕಾಲದಲ್ಲಿ ಕವಿತೆ ಯಾರಿಗೆ ಬೇಕು, ಸಿನಿಮಾ ಹಾಡು ಕವಿತೆಯೋ ಅಲ್ಲವೋ ಎಂದು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಲ್ಲವೇ ಎಂದು ನನ್ನನ್ನು ಕೇಳಿದಳು. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದನ್ನೇ ಹೇಳಿದೆ. ಅವಳು ಆಕಳಿಸಿದಳು. ತಪ್ಪು ಅವಳದಲ್ಲ, ನನಗೇ ಅರ್ಧ ಆಕಳಿಕೆ ಬಂದಿತ್ತು. ನಿಜವಾದ ಉತ್ತರ ನಾನು ಹತ್ತು ವರ್ಷದವಳಾಗಿದ್ದಾಗ ಲಾಯಿಲದ ಮನೆಯಲ್ಲಿ ಉಂಟು, ಅದನ್ನು ಆ ಮನೆಯ ಹೊರಗೆ ಯಾರಿಗೂ ಪೂರ್ತಿ ಹೇಳಿದ್ದಿಲ್ಲ.

ಆ ಮನೆಗೆ ಎರಡು ಮುಖ. ಎದುರಿನದ್ದು ರಸ್ತೆಗೆ, ಅದು ಅಪ್ಪನ ಚಹಾ ಹೋಟೆಲು. ಎರಡು ಉದ್ದ ಬೆಂಚು, ಮೂರು ಮೇಜು, ಗೋಳಿಬಜೆ ಇಡುವ ಗಾಜಿನ ಪೆಟ್ಟಿಗೆ. ಬೆಳ್ತಂಗಡಿಗೆ ಹೋಗುವ ಬಸ್ಸು ಅಲ್ಲಿಯೇ ನಿಲ್ಲುತ್ತಿತ್ತು. ಹಿಂದಿನ ಮುಖ ಗದ್ದೆಗೆ, ಅದು ಅಜ್ಜಿಯದ್ದು. ಅಮ್ಮನ ಅಮ್ಮ ಅವಳು. ಮನೆಯೂ ಹಿಂದಿನ ನಾಲ್ಕು ಗದ್ದೆಯೂ ಅವಳ ಕಡೆಯಿಂದ ಬಂದದ್ದು, ಹೋಟೆಲು ಮಾತ್ರ ಅಪ್ಪ ಕಟ್ಟಿದ್ದು. ನಡುವೆ ಹೊಗೆ ತುಂಬಿದ ಅಡುಗೆಮನೆ, ಅಲ್ಲಿ ಅಮ್ಮ. ಎದುರಿಗೆ ದೋಸೆ ಕೊಟ್ಟು ಹಿಂದಕ್ಕೆ ಗಂಜಿ ಕೊಟ್ಟು ಅವಳಿಗೆ ಎರಡೂ ಮುಖ ಸಾಕಾಗಿ ಹೋಗಿತ್ತು. ಅಜ್ಜಿ ಎದುರಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಪ್ಪ ಹಿಂದಿನ ಜಗಲಿಯಲ್ಲಿ ಕೂರುತ್ತಿರಲಿಲ್ಲ. ಜಗಳ ಅಂತ ಏನೂ ಇರಲಿಲ್ಲ, ಇಬ್ಬರ ಮಾತೂ ಅಡುಗೆಮನೆಯ ಮೂಲಕ ಹೋಗಿ ಬರುತ್ತಿತ್ತು ಅಷ್ಟೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಸಪ್ಪೆಯಾದರೆ ಸಹಿಸಿಕೊಳ್ಳಬೇಕು.

ರೇಡಿಯೋ ಬಂದ ಮೇಲೆ ಆ ಎರಡು ಮುಖಗಳ ನಡುವಿನ ದೂರ ಇನ್ನೂ ಹೆಚ್ಚಾಯಿತು. ಊರಿಗೆ ಕರೆಂಟು ಬಂದಿರಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿ ಹಾಕಿ, ತೆಂಗಿನ ಮರಕ್ಕೆ ತಂತಿ ಕಟ್ಟಿ ಕೇಳಬೇಕಾಗಿತ್ತು. ಬ್ಯಾಟರಿ ತೀರಬಾರದೆಂದು ಅಪ್ಪ ಬೆಳಿಗ್ಗೆ ವಾರ್ತೆಗೆ ಒಮ್ಮೆ, ಮಧ್ಯಾಹ್ನ ಹಾಡಿಗೆ ಒಮ್ಮೆ ಮಾತ್ರ ತಿರುಗಿಸುತ್ತಿದ್ದರು. ಆ ಮಧ್ಯಾಹ್ನದ ಅರ್ಧ ಗಂಟೆ ನನ್ನ ಅಕ್ಕ ಸರೋಜಳದ್ದು. ನನಗಿಂತ ಎಂಟು ವರ್ಷ ದೊಡ್ಡವಳು. ನೂರು ಪುಟದ ನೋಟುಬುಕ್ಕು ಹಿಡಿದು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಸಿನಿಮಾ ಹಾಡು ಬರೆದುಕೊಳ್ಳುತ್ತಿದ್ದಳು. ಹಾಡು ಮೂರೇ ನಿಮಿಷ, ಅವಳ ಕೈ ಅಷ್ಟು ಓಡುತ್ತಿರಲಿಲ್ಲ. ಸಿಕ್ಕಿದ ಸಾಲು ಬರೆದು, ಸಿಗದ ಸಾಲಿಗೆ ಜಾಗ ಬಿಡುತ್ತಿದ್ದಳು. ಮುಂದಿನ ವಾರವೋ ಮುಂದಿನ ತಿಂಗಳೋ ಆ ಹಾಡು ಮತ್ತೆ ಬಂದಾಗ ಬಿಟ್ಟ ಸಾಲು ತುಂಬುತ್ತಿದ್ದಳು. ಒಂದು ಹಾಡು ಪೂರ್ತಿಯಾಗಲು ಕೆಲವೊಮ್ಮೆ ಒಂದು ಮಳೆಗಾಲವೇ ಹಿಡಿಯುತ್ತಿತ್ತು. ಪೂರ್ತಿಯಾದ ದಿನ ನನ್ನನ್ನು ಕೂರಿಸಿ ಓದಿ ಹೇಳುತ್ತಿದ್ದಳು, ಹಾಡಿ ಅಲ್ಲ, ಬರೀ ಓದಿ.

"ನಿನ್ನ ಶಾಲೆಯ ಪುಸ್ತಕದಲ್ಲಿ ಇರುವುದು ಮಾತ್ರ ಪದ್ಯ ಅಂತ ಮಾಡಬೇಡ. ಇದೂ ಪದ್ಯವೇ ಮಾರಾಯ್ತಿ. ಯಾರೋ ಕೂತು ಬರೆದದ್ದು."

ಅಜ್ಜಿಗೆ ಇದು ಕಿವಿಗೆ ಬಿದ್ದರೆ ಅವಳು ಎಲೆಅಡಿಕೆ ಉಗುಳಿ ಬರುತ್ತಿದ್ದಳು. ಮುಖ ಕಾಣದವರು ಹೇಳುವುದು ಅವಳ ಪ್ರಕಾರ ಹಾಡೇ ಅಲ್ಲ, ದೆವ್ವದ ಗಾಳಿಯ ಗುಣ. ಅವಳಿಗೆ ಹಾಡೆಂದರೆ ಪಾಡ್ದನ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಗದ್ದೆಯಲ್ಲಿ ಒಬ್ಬಳು ಸಾಲು ಹೇಳುವುದು, ಉಳಿದವರು ಬಗ್ಗಿದಲ್ಲಿಂದಲೇ ಅದನ್ನು ಎತ್ತಿಕೊಳ್ಳುವುದು. ಪ್ರತಿ ವರ್ಷ ಹೇಳುವವಳು ಅಜ್ಜಿ. ನಮ್ಮ ಮನೆಯ ಗದ್ದೆಗೆ ಸಂಬಂಧಪಟ್ಟ ಪಾಡ್ದನ ಒಂದಿತ್ತು. ಅದರ ಹುಡುಗಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುವವರು ಇದನ್ನು ಮೂಢನಂಬಿಕೆ ಅಂದುಕೊಂಡರೆ ಅಂದುಕೊಳ್ಳಲಿ, ನನಗೆ ಈಗಲೂ ಧೈರ್ಯವಿಲ್ಲ. ಕತೆ ಇಷ್ಟೇ: ಮನೆಯ ಗದ್ದೆಗೆ ಬೀಜ ಸಾಲದೆ ಆ ಹುಡುಗಿ ಹೊಳೆಯಾಚೆಗೆ ಹೋಗುತ್ತಾಳೆ. ಬೀಜ ಸೆರಗಿನಲ್ಲಿ ಕಟ್ಟಿ ಹಿಂದೆ ಬರುವಾಗ ನಡುಹೊಳೆಯಲ್ಲಿ ದೋಣಿ ಸುತ್ತು ತಿರುಗುತ್ತದೆ. ಅಂಬಿಗ ಕೇಳುತ್ತಾನೆ, ಬೀಜ ಬಿಡುತ್ತೀಯೋ ದೋಣಿ ಬಿಡುತ್ತೀಯೋ. ಅವಳು ಸೆರಗು ಬಿಚ್ಚಿ ಒಂದು ಮುಷ್ಟಿ ನೀರಿಗೆ, ಒಂದು ಮುಷ್ಟಿ ದೋಣಿಗೆ, ಒಂದು ಮುಷ್ಟಿ ಗಾಳಿಗೆ ಕೊಡುತ್ತಾಳೆ. ಉಳಿದ ಬೀಜದೊಂದಿಗೆ ದಡ ಸೇರುತ್ತಾಳೆ. ಆ ಬೀಜದ ಪೈರೇ ನಮ್ಮ ಗದ್ದೆಯದ್ದು ಎಂದು ಹಾಡು ಮುಗಿಯುತ್ತದೆ.

ಈ ಹಾಡಿಗೆ ಅಜ್ಜಿಯ ನಾಲ್ಕು ಕಟ್ಟಳೆ ಇತ್ತು. ಗದ್ದೆಯಲ್ಲಿ ಮಾತ್ರ ಹೇಳಬೇಕು. ಕೊನೆಯ ನೇಜಿ ಊರಿದ ಮೇಲೆ ಮರುವರ್ಷದವರೆಗೆ ಬಾಯಿಗೆ ತರಬಾರದು. ಒಬ್ಬಳೇ ಹೇಳಬಾರದು, ಎತ್ತಿಕೊಳ್ಳುವವರು ಇಲ್ಲದೆ ಹೇಳಿದರೆ ಅದು ಹಾಡಲ್ಲ, ಅವಳನ್ನು ಕರೆದ ಹಾಗೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಹುಡುಗಿಯನ್ನು ದಡಕ್ಕೆ ಮುಟ್ಟಿಸದೆ ನಿಲ್ಲಿಸಬಾರದು. ಅಜ್ಜಿಯ ಸಣ್ಣ ಪ್ರಾಯದಲ್ಲಿ ಒಬ್ಬಳು ಗದ್ದೆಯಲ್ಲಿ ಹಾವು ಕಂಡು ಹಾಡು ಬಿಟ್ಟು ಓಡಿದಳಂತೆ, ಮತ್ತೆ ಯಾರೂ ಅದನ್ನು ಮುಗಿಸಲಿಲ್ಲವಂತೆ. ಆ ಮಳೆಗಾಲದಲ್ಲಿ ಮನೆಯ ಮಗಳೊಬ್ಬಳು, ಅಜ್ಜಿಯ ಚಿಕ್ಕಮ್ಮ, ಹೊಳೆ ದಾಟುವಾಗ ನೀರುಪಾಲಾದಳು. ನಡುಹೊಳೆಯಲ್ಲಿ ಉಳಿದವಳಿಗೆ ಜೊತೆ ಬೇಕಾಗುತ್ತದೆ ಎನ್ನುವುದು ಅಜ್ಜಿಯ ವಿವರಣೆ. ಇದನ್ನು ಅವಳು ಹೆದರಿಸುವ ದನಿಯಲ್ಲಿ ಹೇಳುತ್ತಿರಲಿಲ್ಲ. ಉಪ್ಪಿನಕಾಯಿಗೆ ಉಪ್ಪು ಎಷ್ಟು ಹಾಕಬೇಕು ಎಂದು ಹೇಳುವ ಹಾಗೆ ಹೇಳುತ್ತಿದ್ದಳು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು. ಪ್ರತಿ ವರ್ಷ ಆ ಗದ್ದೆ ಮುಗಿದ ಸಂಜೆ ಅವಳೇ ಅಮ್ಮನ ಹತ್ತಿರ, ನನ್ನ ಹತ್ತಿರ, ಯಾರು ಸಿಕ್ಕಿದರೂ ಅವರ ಹತ್ತಿರ, "ಹುಡುಗಿ ದಡ ಸೇರಿದಳು" ಎಂದು ಹೇಳಿ ದೀಪ ಹಚ್ಚುತ್ತಿದ್ದಳು.

ಆ ವರ್ಷ ಬೇಸಗೆಯಲ್ಲಿ ಸರೋಜಕ್ಕನ ಮದುವೆಯಾಯಿತು. ಗಂಡನ ಮನೆ ಬಂಟ್ವಾಳದ ಕಡೆ, ನೇತ್ರಾವತಿಯ ಆಚೆ ದಡದಲ್ಲಿ. ಸೇತುವೆ ಸುತ್ತಿ ಬಂದರೆ ಅರ್ಧ ದಿನ ಹೆಚ್ಚು, ಹಾಗಾಗಿ ಆ ಊರಿನವರೆಲ್ಲ ಕಡವಿನ ದೋಣಿಯಲ್ಲೇ ದಾಟುವುದು. ನೋಟುಬುಕ್ಕನ್ನು ಅವಳು ನನಗೆ ಬಿಟ್ಟು ಹೋದಳು, ಖಾಲಿ ಸಾಲುಗಳನ್ನು ತುಂಬಿಸುವ ಕೆಲಸದೊಂದಿಗೆ. ಹೋಗುವ ಮೊದಲು ರೇಡಿಯೋಗೆ ಒಂದು ಕಾರ್ಡು ಹಾಕಿದ್ದಳು, ಅವಳಿಗೆ ಎಲ್ಲಕ್ಕಿಂತ ಇಷ್ಟದ ಹಾಡು ಬೇಕೆಂದು, ಲಾಯಿಲದಿಂದ ಸರೋಜ ಮತ್ತು ವಾರಿಜ ಎಂದು ಇಬ್ಬರ ಹೆಸರು ಬರೆದು. ವಾರಿಜ ನಾನು.

ಜೂನ್ ಮಧ್ಯದಿಂದ ಶುರುವಾಗುವ ಕಾರ್ತೆಲ್ ತಿಂಗಳ ನಾಟಿಯ ಹೊತ್ತಿಗೆ ಅಜ್ಜಿಗೆ ಕೆಮ್ಮು ಹಿಡಿದು ಸ್ವರವೇ ಬಿದ್ದು ಹೋಯಿತು. ಅಮ್ಮನಿಗೆ ರಾಗ ಬಾರದು, ಬಿಡುವೂ ಇಲ್ಲ. ಅಜ್ಜಿಯ ಬಾಯಿಂದ ಕೇಳಿ ಕೇಳಿ ಸಾಲುಗಳೆಲ್ಲ ನನಗೆ ಬರುತ್ತಿದ್ದವು. ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ನನ್ನನ್ನು ಕರೆದಳು.

"ಈ ವರ್ಷ ನೀನೇ ಹೇಳು ಬಾಲೆ. ಬಾಗಿ, ಅವಳ ಮಗಳಂದಿರು, ಎಲ್ಲ ಎತ್ತಿಕೊಳ್ತಾರೆ. ಮುಟ್ಟಿಸಲಿಕ್ಕೆ ಆಗ್ತದಲ್ಲ ನಿನಗೆ?"

"ಆಗ್ತದೆ ಅಜ್ಜಿ."

ಬಾಗಿ ನಮ್ಮ ಗದ್ದೆಗೆ ಬರುತ್ತಿದ್ದ ಹೆಂಗಸರಲ್ಲಿ ಹಿರಿಯಳು. ನಾನು ಮಳೆಗೆ ಓಲೆಯ ಗೊರಬೆ ಹೊತ್ತು ಹುಣಿಯ, ಅಂದರೆ ಗದ್ದೆಯ ಬದುವಿನ, ಮೇಲೆ ನಿಂತು ಮೊದಲ ಸಾಲು ಹೇಳಿದೆ. ಎಂಟು ಜನ ಬಗ್ಗಿದ ಹೆಂಗಸರು ಒಟ್ಟಿಗೆ ಅದನ್ನು ಎತ್ತಿಕೊಂಡಾಗ ನನಗೆ ಎದೆ ತುಂಬಿ ಬಂತು. ಜಂಬ ಅಂದರೆ ಜಂಬವೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಹುಡುಗಿಯನ್ನು ಮನೆಯಿಂದ ಹೊರಡಿಸಿದೆ, ಹೊಳೆ ದಾಟಿಸಿದೆ, ಬೀಜ ಕೊಡಿಸಿದೆ, ಹಿಂದೆ ದೋಣಿ ಹತ್ತಿಸಿದೆ. ದೋಣಿ ಸುತ್ತು ತಿರುಗಿತು. ಬೀಜ ಬಿಡುತ್ತೀಯೋ ದೋಣಿ ಬಿಡುತ್ತೀಯೋ ಎಂದು ಅಂಬಿಗ ಕೇಳಿದ್ದನ್ನು ಹೆಂಗಸರು ಎತ್ತಿಕೊಳ್ಳುತ್ತಿದ್ದಾಗ ಅಪ್ಪ ಅಡುಗೆಮನೆಯ ಹಿಂಬಾಗಿಲಿಗೆ ಬಂದು ಕೈ ಬೀಸಿ ಕರೆದರು. ಯಾವತ್ತೂ ಆ ಬಾಗಿಲಿಗೆ ಬರದವರು.

"ವಾರಿಜಾ, ಓಡಿ ಬಾ. ರೇಡಿಯೋದಲ್ಲಿ ನಿಮ್ಮ ಹೆಸರು ಹೇಳ್ತಾರೆ."

ನಾನು ಓಡಿದೆ. ಮುಂದಿನ ಸಾಲು ಬಾಯಲ್ಲಿ ಇತ್ತು, ಅದನ್ನು ಹಾಗೇ ನುಂಗಿ, ಕೆಸರು ಕಾಲಿನಲ್ಲಿ ಅಡುಗೆಮನೆ ದಾಟಿ ಓಡಿದೆ. ನಾನು ಮುಟ್ಟುವಾಗ ಹೆಸರು ಹೇಳಿ ಆಗಿತ್ತು, ಹಾಡು ಶುರುವಾಗಿತ್ತು. ನನ್ನ ಹೆಸರನ್ನು ರೇಡಿಯೋದಲ್ಲಿ ನಾನು ಕೇಳಲಿಲ್ಲ. ಬೆಂಚಿನಲ್ಲಿ ಕೂತವರು ನನ್ನನ್ನು ನೋಡಿ ನಕ್ಕರು, ಅಪ್ಪ ಗಾಜಿನ ಪೆಟ್ಟಿಗೆಯಿಂದ ಒಂದು ಗೋಳಿಬಜೆ ತೆಗೆದು ಕೈಗೆ ಕೊಟ್ಟರು. ಪೂರ್ತಿ ಹಾಡು ಕೇಳಿ, ನೋಟುಬುಕ್ಕಿನಲ್ಲಿ ಒಂದು ಖಾಲಿ ಸಾಲು ತುಂಬಿಸಿ ಹಿಂದೆ ಹೋಗುವಾಗ ಹೆಂಗಸರು ಗಂಜಿಗೆ ಕೂತಿದ್ದರು. ಗಂಜಿ ಆದ ಮೇಲೆ ಮಳೆ ಜೋರಾಯಿತು, ಬಾಗಿ ಬೇರೆ ಯಾವುದೋ ಚುರುಕಿನ ಹಾಡು ಎತ್ತಿದಳು, ಉಳಿದದ್ದು ಎರಡೇ ಸಾಲು ನೇಜಿ. ಅವರಿಗೆ ನಾನು ಮಗು, ನನ್ನ ಹಾಡು ಮಗುವಿನ ಆಟ. ಯಾರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ನಿಜವಾಗಿ ಹೇಳುವುದಾದರೆ ನನಗೆ ಮರೆತೇ ಹೋಗಿತ್ತು, ತಲೆಯೊಳಗೆ ಸಿನಿಮಾ ಹಾಡು ತುಂಬಿತ್ತು.

ಸಂಜೆ ಅಜ್ಜಿ ಬತ್ತಿ ಹೊಸೆಯುತ್ತಾ ಕೇಳಿದಳು.

"ಹುಡುಗಿ ದಡ ಸೇರಿದಳಾ?"

ಬಿಟ್ಟ ಹಾಡು ನನಗೆ ನೆನಪಾದದ್ದೇ ಅವಳ ಆ ಮಾತಿನಿಂದ. ಆಗ ಹೇಳಿಬಿಡಬಹುದಿತ್ತು. ಗದ್ದೆ ಇನ್ನೂ ಅಲ್ಲೇ ಇತ್ತು, ಬಾಗಿಯ ಮನೆ ಕೂಗಳತೆಯಲ್ಲಿ ಇತ್ತು. ಆದರೆ ಅಜ್ಜಿ ಮೊದಲ ಸಲ ನನಗೆ ಕೊಟ್ಟ ಕೆಲಸ ಅದು.

"ಸೇರಿದಳು ಅಜ್ಜಿ."

ಅಜ್ಜಿ ದೀಪ ಹಚ್ಚಿದಳು. ಬೆಳಿಗ್ಗೆ ಎದ್ದರೆ ನಾಟಿ ಮುಗಿದ ಊರು, ಇನ್ನು ಒಂದು ವರ್ಷ ಆ ಹಾಡನ್ನು ಬಾಯಿಗೆ ತರುವ ಹಾಗಿಲ್ಲ. ಆ ದಿನದಿಂದ ನಾನು ಹೆದರಿಕೊಂಡು ಬದುಕಿದೆ. ಊಟದ ಬಟ್ಟಲಿನ ಎದುರು ಕೂತರೆ ಗಂಜಿನೀರಿನಲ್ಲಿ ದೋಣಿ ತಿರುಗುತ್ತಿತ್ತು. ಬಾವಿಯಿಂದ ನೀರು ಸೇದುವಾಗ ಒಳಗೆ ನೋಡುತ್ತಿರಲಿಲ್ಲ. ಮನೆಯಲ್ಲಿ ಹೊಳೆ ದಾಟಬೇಕಾದ ಹೆಣ್ಣುಮಗಳು ಒಬ್ಬಳೇ, ಸರೋಜಕ್ಕ. ಮದುವೆಯಾದ ಮೊದಲ ವರ್ಷ ಕಾರ್ತೆಲಿನ ಮರುತಿಂಗಳು ಆಟಿಯಲ್ಲಿ ಮಗಳು ತವರಿಗೆ ಬಂದು ಕೂರಬೇಕು, ಅದು ನಮ್ಮ ಕಡೆಯ ಕ್ರಮ. ಅಮ್ಮ ಆಗಲೇ ಹಪ್ಪಳದ ಡಬ್ಬ ತೆಗೆದಿಟ್ಟಿದ್ದಳು, ಪತ್ರೊಡೆಗೆ ಕೆಸುವಿನ ಎಲೆ ಎಲ್ಲಿ ಚೆನ್ನಾಗಿ ಬಂದಿದೆ ಎಂದು ನೋಡಿಟ್ಟಿದ್ದಳು. ಅಕ್ಕ ಬರುವ ದಿನವನ್ನು ಎಲ್ಲರೂ ಎಣಿಸುತ್ತಿದ್ದರು. ನಾನೂ ಎಣಿಸುತ್ತಿದ್ದೆ, ಅದು ಬಾರದಿರಲಿ ಎಂದು.

ಮನಸ್ಸಿನಲ್ಲೇ ಹಾಡನ್ನು ಮುಗಿಸಿಬಿಡುವ ಎಂದು ಎಷ್ಟೋ ಸಲ ನೋಡಿದೆ. ಆಗುತ್ತಿರಲಿಲ್ಲ. ಮಾತು ನೆನಪಿತ್ತು, ಒಂದು ಮುಷ್ಟಿ ನೀರಿಗೆ ಎಂದು ಶುರು ಮಾಡಿದರೆ ರಾಗ ಮಾತ್ರ ರೇಡಿಯೋದ್ದು ಬರುತ್ತಿತ್ತು. ಆ ಸಿನಿಮಾ ಹಾಡು ಒಳಗೆ ಕೂತು ಬಾಗಿಲು ಹಾಕಿಕೊಂಡಿತ್ತು. ಮೊದಲು ಇಷ್ಟವಾಗಿದ್ದ ಹಾಡು ಈಗ ಅಸಹ್ಯವಾಗತೊಡಗಿತು. ಅಪ್ಪ ಮಧ್ಯಾಹ್ನ ರೇಡಿಯೋ ತಿರುಗಿಸಿದರೆ ನಾನು ಕೊಟ್ಟಿಗೆಗೆ ಹೋಗಿ ಕಿವಿ ಮುಚ್ಚಿ ಕೂರುತ್ತಿದ್ದೆ.

ಒಂದು ದಿನ ಮುಸ್ಸಂಜೆ, ನಾನು ಹಿಂದಿನ ಜಗಲಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಗದ್ದೆಯ ಕಡೆಯಿಂದ ಒಬ್ಬಳು ಹುಣಿಯ ಮೇಲೆ ನಡೆದು ಬಂದಳು. ತಲೆಗೆ ಗೊರಬೆ ಇಲ್ಲ, ಮೈಯೆಲ್ಲ ಒದ್ದೆ, ಸೆರಗನ್ನು ಮುಂದಕ್ಕೆ ಎಳೆದು ಹಿಡಿದಿದ್ದಳು. ಅಂಗಳದ ತುದಿಯಲ್ಲೇ ನಿಂತಳು.

"ನೇಜಿ ಉಂಟಾ, ಸ್ವಲ್ಪ? ನಮ್ಮದು ನೀರಿಗೆ ಹೋಯಿತು."

ಎದ್ದು ಒಳಗೆ ಓಡಿ ಭತ್ತದ ಕಣಜದ ಹಿಂದೆ ಕೂತೆ, ಚಡ್ಡಿಯೂ ಒದ್ದೆಯಾಯಿತು ಎಂದು ಈ ಪ್ರಾಯದಲ್ಲಿ ಹೇಳಲು ನಾಚಿಕೆ ಎಂತದ್ದು. ಅಮ್ಮ ಹೊರಗೆ ಹೋಗಿ ಅವಳ ಹತ್ತಿರ ಮಾತಾಡಿದ್ದು ಕೇಳಿತು, ಬದಿಯಲ್ಲಿ ಉಳಿದಿದ್ದ ಎರಡು ಕಟ್ಟು ನೇಜಿ ಕೊಟ್ಟದ್ದೂ ಗೊತ್ತಾಯಿತು. ಆಮೇಲೆ ಯಾರೆಂದು ಕೇಳಿದೆ. ನಾರಾವಿ ಕಡೆಯಿಂದ ಹೊಸತಾಗಿ ಬಂದ ಒಕ್ಕಲು ಇರಬೇಕು ಎಂದಳು ಅಮ್ಮ. ಇರಬೇಕು. ಆದರೆ ನಾನು ಅವಳನ್ನು ಮತ್ತೆ ಊರಿನಲ್ಲಿ ಎಲ್ಲಿಯೂ ನೋಡಲಿಲ್ಲ, ನೋಡಲು ಹುಡುಕಲೂ ಇಲ್ಲ.

ಮರುದಿನ ನಾನು ಒಂದು ಮೂರ್ಖ ಕೆಲಸ ಮಾಡಿದೆ. ಅಪ್ಪನ ಮೇಜಿನಿಂದ ಒಂದು ಕಾರ್ಡು ಕದ್ದು, "ಅಕ್ಕಾ, ಈ ವರ್ಷ ನೀನು ಬರಬೇಡ, ಖಂಡಿತ ಬರಬೇಡ, ವಾರಿಜ" ಎಂದು ಬರೆದು ಡಬ್ಬಕ್ಕೆ ಹಾಕಿದೆ. ಕಾರಣ ಬರೆಯಲು ಧೈರ್ಯ ಇರಲಿಲ್ಲ. ಇದರಿಂದ ಅಕ್ಕ ಬದುಕಿದಳು ಎಂದು ಎರಡು ದಿನ ಹಾಯಾಗಿ ಉಂಡೆ. ಹೊಸದಾಗಿ ಗಂಡನ ಮನೆಗೆ ಹೋದ ಹುಡುಗಿಗೆ ತವರಿನಿಂದ ಅಂಥ ಕಾರ್ಡು ಹೋದರೆ ಅವಳು ಏನೆಂದುಕೊಳ್ಳುತ್ತಾಳೆ ಎಂದು ಹತ್ತು ವರ್ಷದ ತಲೆಗೆ ಹೊಳೆಯಲಿಲ್ಲ. ಅಜ್ಜಿಗೆ ಏನೋ ಆಗಿದೆ, ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಅಕ್ಕ ಅತ್ತು ಕರೆದು, ಹೊಳೆ ಇಳಿಯಲಿ ಎಂದ ಅತ್ತೆಯ ಮಾತನ್ನೂ ಕೇಳದೆ, ಗೊತ್ತು ಮಾಡಿದ ದಿನಕ್ಕೆ ಹತ್ತು ದಿನ ಮೊದಲೇ ಹೊರಟಳು. ಬಸ್ಸಿನ ಕಂಡಕ್ಟರು ಹೋಟೆಲಿನ ಮುಂದೆ ಇಳಿದು ಚಹಾ ಕುಡಿಯುತ್ತಾ ಅಪ್ಪನಿಗೆ ಸುದ್ದಿ ಮುಟ್ಟಿಸಿದ.

"ನಾಳೆ ಬೆಳಿಗ್ಗೆ ಕಡವಿಗೆ ಬರಬೇಕಂತೆ. ನಿಮ್ಮ ಮಗಳು ದಾಟ್ತಾಳಂತೆ. ಹೊಳೆಯಲ್ಲಿ ನೀರು ಸಿಕ್ಕಾಪಟ್ಟೆ ಉಂಟು ಮಾರಾಯ್ರೆ."

ನಾನೂ ಬರುತ್ತೇನೆ ಎಂದು ಹಠ ಹಿಡಿದು ಅಳುತ್ತಾ ಅಪ್ಪನೊಟ್ಟಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಿಬಿಡುವ ಎಂದು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಬಂಟ್ವಾಳಕ್ಕೆ ಮೂರ್ನಾಲ್ಕು ಮೈಲು ಇರುವಾಗ ಇಳಿದು ಗದ್ದೆ ಬದಿಯಲ್ಲಿ ನಡೆದು ಕಡವಿಗೆ ಮುಟ್ಟಿದೆವು. ನೇತ್ರಾವತಿ ಕೆಂಪಗೆ ಹರಿಯುತ್ತಿತ್ತು. ಬೇಸಗೆಯಲ್ಲಿ ಅಕ್ಕನ ದಿಬ್ಬಣ ನಡೆದು ಹೋದ ಮರಳು ಎಲ್ಲಿತ್ತು ಎಂದೂ ತಿಳಿಯುತ್ತಿರಲಿಲ್ಲ. ಆಚೆ ದಡದಲ್ಲಿ ಹಸಿರು ಸೀರೆಯ ಒಂದು ಚುಕ್ಕೆ, ಅದು ಅಕ್ಕ. ಅವಳ ಜೊತೆ ಭಾವ, ಇನ್ನೂ ನಾಲ್ಕೈದು ಜನ. ಅಂಬಿಗರು ಇಬ್ಬರು ದೋಣಿಯನ್ನು ದಡದ ಬದಿಯಲ್ಲೇ ಮೇಲಕ್ಕೆ ಒಯ್ದು, ಅಲ್ಲಿಂದ ಸೆಳೆತಕ್ಕೆ ಓರೆಯಾಗಿ ಬಿಟ್ಟರು. ನೆರೆಯಲ್ಲಿ ದಾಟಿಸುವ ಕ್ರಮವೇ ಹಾಗೆ ಎಂದು ಅಪ್ಪ ಹೇಳಿದರು. ಅವರ ದನಿಯಲ್ಲಿ ಧೈರ್ಯ ಇರಲಿಲ್ಲ.

ನಡುಹೊಳೆಗೆ ಬಂದಾಗ ಮೇಲಿನಿಂದ ತೇಲಿ ಬಂದ ಒಂದು ಮರ, ಬೇರು ಕೊಂಬೆ ಎಲ್ಲ ಇದ್ದದ್ದು, ದೋಣಿಯ ಮೂತಿಗೆ ಸಿಕ್ಕಿಕೊಂಡಿತು. ದೋಣಿ ಅಡ್ಡವಾಯಿತು. ಆಮೇಲೆ ನಿಧಾನವಾಗಿ ಸುತ್ತು ತಿರುಗಿತು. ಒಳಗಿದ್ದವರು ಕೂಗಿದ್ದು ಕೇಳಿಸಿತು, ಆಮೇಲೆ ಅದೂ ಕೇಳಿಸಲಿಲ್ಲ. ಅಪ್ಪನ ಕೈಯಿಂದ ಕೊಡೆ ಜಾರಿ ಬಿತ್ತು. ನಾನು ಈ ಚಿತ್ರವನ್ನು ಒಂದು ತಿಂಗಳಿಗೂ ಮೇಲೆ ದಿನಾ ನೋಡಿದ್ದೆ. ಹೀಗೇ ಆಗುತ್ತದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ನಾನು ಬಾಯಿ ತೆರೆದು ಬಿಟ್ಟ ಸಾಲನ್ನು ಹೇಳಿದೆ. ಗದ್ದೆಯಲ್ಲಿ ಅಲ್ಲ, ನಾಟಿಯ ಕಾಲದಲ್ಲಿ ಅಲ್ಲ, ಒಬ್ಬಳೇ. ಒಬ್ಬಳೇ ಹೇಳಿದರೆ ಅದು ಅವಳನ್ನು ಕರೆದ ಹಾಗೆ ಎಂದು ತಿಳಿದೂ ಹೇಳಿದೆ, ಬೇರೆ ದಾರಿ ಗೊತ್ತಿರಲಿಲ್ಲ. ಹೆದರಿಕೆಯಲ್ಲಿ ಅಜ್ಜಿಯ ರಾಗ ಹತ್ತಿರವೂ ಬರಲಿಲ್ಲ. ಬಂದದ್ದು ಸಿನಿಮಾ ಹಾಡಿನ ರಾಗ. ಒಂದು ಮುಷ್ಟಿ ನೀರಿಗೆ ಕೊಟ್ಟೆ, ಹೊಳೆಯಕ್ಕಾ, ದಾರಿ ಬಿಡು ಎಂಬ ಸಾಲು ರೇಡಿಯೋದ ಧಾಟಿಯಲ್ಲಿ, ಅದರ ಎಲ್ಲ ಬಳುಕಿನ ಸಮೇತ, ನನ್ನ ಬಾಯಿಂದ ಹೊರಟಿತು. ಸಾಲು ಮುಗಿಯಿತು. ಎತ್ತಿಕೊಳ್ಳುವವರು ಇಲ್ಲ. ಅಷ್ಟು ಭಯವನ್ನು ನಾನು ಆಮೇಲೆ ಯಾವ ಸಾವಿನ ಮನೆಯಲ್ಲಿಯೂ ಪಟ್ಟಿಲ್ಲ.

ಆಗ ನನ್ನ ಪಕ್ಕದಲ್ಲಿ ಒಂದು ಗಂಡು ದನಿ ಆ ಸಾಲನ್ನು ಎತ್ತಿಕೊಂಡಿತು. ಒಡಕು ದನಿ, ಆದರೆ ಅದೇ ಧಾಟಿ. ದಿನಾ ಮಧ್ಯಾಹ್ನ ಚಹಾ ಸೋಸುತ್ತಾ ರೇಡಿಯೋ ಕೇಳಿದವರಲ್ಲವೇ. ಅಪ್ಪ ನನ್ನ ಕಡೆ ನೋಡಲಿಲ್ಲ, ದೋಣಿಯನ್ನೇ ನೋಡುತ್ತಾ ಹೇಳಿದರು. ನಾನು ಎರಡನೆಯ ಮುಷ್ಟಿ ಕೊಟ್ಟೆ, ಅವರು ಎತ್ತಿಕೊಂಡರು. ದೋಣಿಯಲ್ಲಿ ಒಬ್ಬ ಅಂಬಿಗ ಬಿದಿರಿನ ಜಲ್ಲೆಯನ್ನು ಮರದ ಕೊಂಬೆಗೆ ಕೊಟ್ಟು ಮೈಭಾರವೆಲ್ಲ ಬಿಟ್ಟು ತಳ್ಳುತ್ತಿದ್ದ. ಮೂರನೆಯ ಮುಷ್ಟಿ ಗಾಳಿಗೆ. ಮರ ಬಿಟ್ಟುಕೊಂಡು ತಿರುಗಿ ಕೆಳಗೆ ಹೋಯಿತು. ದೋಣಿ ಬಹಳ ಕೆಳಗೆ, ಬಿದಿರು ಮೆಳೆಯ ಹತ್ತಿರ, ದಡಕ್ಕೆ ತಾಗಿತು. ಅಲ್ಲಿಯವರೆಗೂ ನಾವಿಬ್ಬರು ಹೇಳುತ್ತಾ ಕೆಸರಿನಲ್ಲಿ ಓಡಿದೆವು, ಬೀಜ ಪೈರಾಗಿ ಹಾಡು ಮುಗಿಯುವವರೆಗೆ ನಿಲ್ಲಿಸಲಿಲ್ಲ. ಅಂಬಿಗನ ತೋಳಿನ ಬಲದಿಂದಲೇ ದೋಣಿ ಉಳಿದದ್ದು, ನನಗೇನೂ ಸಂಶಯ ಇಲ್ಲ. ಆದರೂ ಹಾಡದೆ ನಿಂತು ನೋಡುವ ಧೈರ್ಯ ಇವತ್ತಿಗೂ ನನಗೆ ಬಾರದು.

ಅಕ್ಕ ಇಳಿದವಳೇ ಕೇಳಿದ್ದು, "ಅಜ್ಜಿಗೆ ಎಂತ ಆಗಿದೆ?" ಎಂದು. ನಾನು ಅವಳ ಒದ್ದೆ ಸೀರೆ ಹಿಡಿದು ಅತ್ತೆ, ಕಾರ್ಡಿನ ಸಂಗತಿ, ಗದ್ದೆಯ ಸಂಗತಿ ಎಲ್ಲ ಅಲ್ಲೇ ಹೊರಬಂತು. ಪೆಟ್ಟು ಬೀಳುತ್ತದೆ ಎಂದುಕೊಂಡಿದ್ದೆ. ಅಪ್ಪ ಕೊಡೆ ಹುಡುಕುತ್ತಿದ್ದವರು ಬಗ್ಗಿದಲ್ಲಿಂದಲೇ ಹೇಳಿದರು.

"ಕರೆದದ್ದು ನಾನಲ್ವಾ. ಹಾಡು ಅರ್ಧ ಇರುವಾಗ ಕರೆಯಬಾರದು ಅಂತ ನನಗೆ ಗೊತ್ತುಂಟು. ನನ್ನ ಅಮ್ಮನೂ ನೇಜಿ ನೆಡುವವಳೇ. ರೇಡಿಯೋದಲ್ಲಿ ಮಕ್ಕಳ ಹೆಸರು ಬಂತಲ್ಲ, ಖುಷಿಯಲ್ಲಿ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು, ಕೇಳಲಿಕ್ಕೆ ಹೆದರಿಕೆಯಾಯಿತು."

ಅಂದರೆ ಅಷ್ಟು ದಿನ ಒಂದೇ ಮನೆಯ ಎರಡು ಮುಖದಲ್ಲಿ ನಾವಿಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆ ಉಂಡಿದ್ದೆವು.

ಸಂಜೆ ಅಜ್ಜಿ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದಳು. ಅಕ್ಕ ಅವಳ ತೊಡೆಗೆ ತಾಗಿ ಕೂತಿದ್ದಳು. ನಾನು ಕಂಬದ ಹತ್ತಿರ ನಿಂತು, ಸುಳ್ಳು ಹೇಳಿದ್ದರಿಂದ ಶುರು ಮಾಡಿ ಹೊಳೆಯವರೆಗೆ ಹೇಳಿದೆ. ಅಜ್ಜಿ ಬಯ್ಯಲಿಲ್ಲ. ಎರಡೇ ಪ್ರಶ್ನೆ ಕೇಳಿದಳು.

"ಎತ್ತಿಕೊಂಡದ್ದು ಯಾರು?"

"ಅಪ್ಪ."

"ಯಾವ ಧಾಟಿಯಲ್ಲಿ?"

"ರೇಡಿಯೋದ್ದು," ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ.

ಅಜ್ಜಿ ಇನ್ನೊಂದು ಬೀಜ ಎತ್ತಿಕೊಂಡು ಸಿಪ್ಪೆ ಬಿಡಿಸಿದಳು. ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ. ಅಜ್ಜಿ ಎದುರಿನ ಕೋಣೆಗೆ ಹೋಗಲೂ ಇಲ್ಲ. ಆದರೆ ಮಧ್ಯಾಹ್ನ ರೇಡಿಯೋ ಹಾಡುವ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲ ಮರೆಯಲ್ಲಿ, ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ, ತೊಗರಿ ಆರಿಸುವ ನೆವದಲ್ಲಿ ಕೂರುವುದನ್ನು ನಾನು ಕಂಡೆ. ಆ ಹಾಡು ಬಂದರೆ ಮೊರ ಅಲುಗಾಡುವುದು ನಿಲ್ಲುತ್ತಿತ್ತು.

ಮರುವರ್ಷ ಕಾರ್ತೆಲಿನಲ್ಲಿ ಅಜ್ಜಿಯ ಸ್ವರ ಸರಿಯಾಗಿತ್ತು. ನನ್ನನ್ನು ಹುಣಿಯ ಮೇಲೆ ಪಕ್ಕದಲ್ಲಿ ನಿಲ್ಲಿಸಿಕೊಂಡು ತಾನೇ ಹೇಳಿದಳು. ಹುಡುಗಿ ಮನೆ ಬಿಟ್ಟಳು, ಬೀಜ ಕಟ್ಟಿಕೊಂಡಳು, ದೋಣಿ ಹತ್ತಿದಳು, ಎಲ್ಲ ಹಿಂದಿನ ಹಾಗೇ, ಹಳೆಯ ರಾಗ. ಅಂಬಿಗ ಕೇಳುವ ಸಾಲು ಬಂತು. ಅಜ್ಜಿ ನನ್ನ ರಟ್ಟೆಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಒಂದು ಮುಷ್ಟಿ ನೀರಿಗೆ ಕೊಟ್ಟಳು, ಸಿನಿಮಾ ಹಾಡಿನ ಧಾಟಿಯಲ್ಲಿ. ಬಳುಕು ಒಂದನ್ನೂ ಬಿಡಲಿಲ್ಲ. ಬಾಗಿ ಬಗ್ಗಿದಲ್ಲಿಂದ ತಲೆ ಎತ್ತಿ ನೋಡಿದಳು, ಅಜ್ಜಿಯ ಮುಖ ಕಂಡು ಮತ್ತೆ ಬಗ್ಗಿ ಎತ್ತಿಕೊಂಡಳು. ಎಂಟು ಜನರೂ ಎತ್ತಿಕೊಂಡರು. ಮೂರು ಮುಷ್ಟಿ ಮುಗಿಯುವವರೆಗೆ ಅದೇ ಧಾಟಿ, ದಡ ಮುಟ್ಟಿದ ಮೇಲೆ ಮತ್ತೆ ಹಳೆಯದು. ಹಿಂದಿನ ಬಾಗಿಲಿನಲ್ಲಿ ಅಪ್ಪ ಚಹಾದ ಗ್ಲಾಸು ಹಿಡಿದು ನಿಂತಿದ್ದರು, ಯಾರನ್ನೂ ಕರೆಯಲಿಲ್ಲ. ಅಜ್ಜಿ ಸಾಯುವವರೆಗೂ ಆ ಜಾಗವನ್ನು ಹಾಗೆಯೇ ಹೇಳಿದಳು. ಅಕ್ಕನನ್ನು ದಾಟಿಸಿದ ರಾಗವನ್ನು ಬದಲಿಸಲು ಅವಳಿಗೂ ಹೆದರಿಕೆ.